ಅಮ್ಮನ ಇಸಿಟಿ: ಮತ್ತಿನ ಔಷಧಿ ಬದಲಾಯಿತು, ಫಿಟ್ಸ್ 36 ಸೆಕೆಂಡಿನಿಂದ 19ಕ್ಕೆ ಇಳಿಯಿತು. ಚಿಕಿತ್ಸೆ ದಂಡವಾಯಿತಾ?

ಹಿಪ್ಪುನೇರಳೆ, ಶಿಡ್ಲಘಟ್ಟ – ಸೋಮವಾರ, ರಾತ್ರಿ 10.40

ಎಲ್ಲರಿಗೂ ನಮಸ್ಕಾರ. ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ರೇಷ್ಮೆ ಸಾಕುವ ಮನೆ. ಅಮ್ಮನಿಗೆ 58 ವರ್ಷ. ದೀಪಾವಳಿ ಕಳೆದ ಮೇಲೆ ಮೆಲ್ಲಗೆ ಮಂಕಾಗುತ್ತಾ ಬಂದರು. ಮೊದಲು ಸೊಪ್ಪಿನ ತೋಟಕ್ಕೆ ಹೋಗುವುದು ಬಿಟ್ಟರು. ಆಮೇಲೆ ಹುಳು ಮನೆಗೆ ಕಾಲಿಡುವುದು ಬಿಟ್ಟರು. ಕೊನೆಗೆ ಊಟವನ್ನೇ ಬಿಟ್ಟರು. "ನನ್ನಿಂದಲೇ ಹುಳು ಸತ್ತವು, ನಾನು ಅನ್ನ ತಿಂದರೆ ಪಾಪ" ಎಂದು ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. 52 ಕಿಲೋ ಇದ್ದವರು 43ಕ್ಕೆ ಬಂದರು. ಮೂರು ತಿಂಗಳು ಎರಡು ಬಗೆಯ ಮಾತ್ರೆ ಕೊಟ್ಟಾಯಿತು, ಏನೂ ಆಗಲಿಲ್ಲ. ಡಾಕ್ಟರು ಇದು ಖಿನ್ನತೆ, ಇಸಿಟಿ ಮಾಡೋಣ ಎಂದರು, ಅಂದರೆ ಮತ್ತಿನ ಔಷಧಿ ಕೊಟ್ಟು ಮಲಗಿಸಿ, ತಲೆಗೆ ಕರೆಂಟ್ ಕೊಟ್ಟು ಫಿಟ್ಸ್ ಬರಿಸುವ ಚಿಕಿತ್ಸೆ. ಅಪ್ಪ, ನಾನು ಇಬ್ಬರೂ ಒಪ್ಪಿ ಸಹಿ ಹಾಕಿದೆವು.

ಸೋಮ, ಬುಧ, ಶುಕ್ರ ಹೀಗೆ ವಾರಕ್ಕೆ ಮೂರು. ಮೊದಲ ಮೂರು ಸಲ ಥಿಯೋಪೆಂಟೋನ್ ಎಂಬ ಇಂಜೆಕ್ಷನ್ ಕೊಟ್ಟು ಮಲಗಿಸಿದ್ದರು. ಹಾಳೆಯಲ್ಲಿ ಫಿಟ್ಸ್ 41, 38, 36 ಸೆಕೆಂಡ್ ಎಂದು ಬರೆದಿದೆ. ಇವತ್ತು ನಾಲ್ಕನೆಯದು. ಬೇರೆ ಡಾಕ್ಟರು ಬಂದಿದ್ದರು, ಹಾಲಿನ ಹಾಗೆ ಬೆಳ್ಳಗಿರುವ ಪ್ರೋಪೋಫಾಲ್ ಕೊಟ್ಟರು. ಹಾಳೆ ನೋಡಿದರೆ 19 ಸೆಕೆಂಡ್!

ಅರ್ಧಕ್ಕರ್ಧ ಕಮ್ಮಿ ಅಲ್ವಾ? ಇವತ್ತಿನದು ಸುಮ್ನೆ ಹೋಯಿತಾ? ಹಳೆಯ ಇಂಜೆಕ್ಷನ್ನೇ ಕೊಡಿ ಎಂದು ಕೇಳಬಹುದಾ? ಕೇಳಿದರೆ ಡಾಕ್ಟರಿಗೆ ಬೇಜಾರಾಗುತ್ತಾ? ಬುಧವಾರ ಮತ್ತೆ ಹೋಗಬೇಕು. ಗೊತ್ತಿರುವವರು ದಯವಿಟ್ಟು ಹೇಳಿ.

ವಾರ್ಡ್_ಸಿಸ್ಟರ್, ತುಮಕೂರು – ಸೋಮವಾರ, ರಾತ್ರಿ 11.05

ಅಮ್ಮಯ್ಯ, ಮೊದಲು ನೀನು ಊಟ ಮಾಡಿ ಮಲಗು. ಒಂದು ಸಲ ಸೆಕೆಂಡ್ ಕಮ್ಮಿ ಬಂತೆಂದು ಹಿಂದಿನ ಮೂರು ಸಲದ್ದು ಕರಗಿ ಹೋಗುವುದಿಲ್ಲ. ನಾನು ಮನೋರೋಗ ವಾರ್ಡಿನಲ್ಲಿ 22 ವರ್ಷ ಕೆಲಸ ಮಾಡಿ ನಿವೃತ್ತಿಯಾದವಳು. ಹಾಳೆಯನ್ನು ಇನ್ನೊಮ್ಮೆ ಸರಿಯಾಗಿ ನೋಡು. ಸೆಕೆಂಡ್ ಬರೆಯಲು ಎರಡು ಕಾಲಂ ಇರುತ್ತವೆ. ಒಂದು ಕಾಲು ನೋಡಿ ಎಣಿಸಿದ್ದು, ಇನ್ನೊಂದು ಇಇಜಿ, ಅಂದರೆ ಮೆದುಳಿನ ಅಲೆಗಳ ಪಟ್ಟಿ ನೋಡಿ ಬರೆದದ್ದು. ನೀನು ಯಾವುದನ್ನು ಓದಿದೆ?

ಕಾಲು ಯಾಕೆ ಎಂದರೆ, ಮತ್ತಿನ ಔಷಧಿ ಏರಿದ ಮೇಲೆ ಸ್ಕೋಲಿನ್ ಎಂಬ ಇನ್ನೊಂದು ಇಂಜೆಕ್ಷನ್ ಕೊಡುತ್ತಾರೆ. ಮೈಯ ಸ್ನಾಯುಗಳೆಲ್ಲ ಸಡಿಲವಾಗುತ್ತವೆ, ಮೂಳೆಗೆ ಪೆಟ್ಟಾಗದಿರಲಿ ಎಂದು. ಅದನ್ನು ಕೊಡುವ ಮೊದಲೇ ಒಂದು ಕಾಲಿನ ಹರಡಿನ ಮೇಲೆ ಬಿಪಿ ಪಟ್ಟಿ ಕಟ್ಟಿ ಗಾಳಿ ತುಂಬುತ್ತೇವೆ. ಆ ಪಾದಕ್ಕೆ ಮಾತ್ರ ಔಷಧಿ ಇಳಿಯುವುದಿಲ್ಲ. ಇಡೀ ಮೈ ಸುಮ್ಮನೆ ಮಲಗಿರುತ್ತದೆ. ಆ ಒಂದು ಪಾದದ ಬೆರಳುಗಳು ಮಾತ್ರ ಟಕ್ ಟಕ್ ಎಂದು ಕುಣಿಯುತ್ತವೆ. ಗಡಿಯಾರ ಹಿಡಿದುಕೊಂಡು ಅದನ್ನೇ ಎಣಿಸುವುದು. ಬೆರಳು ನಿಂತ ಮೇಲೂ ಮೆದುಳಿನಲ್ಲಿ ಇನ್ನೊಂದಷ್ಟು ಸೆಕೆಂಡ್ ನಡೆಯುತ್ತಿರುತ್ತದೆ.

ಅರಿವಳಿಕೆ_ಡಾಕ್ಟರ್, ಕೋಲಾರ – ಮಂಗಳವಾರ, ಬೆಳಿಗ್ಗೆ 6.20

ಹಿಪ್ಪುನೇರಳೆ ಅವರೇ, ನಾನು ಕೋಲಾರದ ಕಡೆ ಅರಿವಳಿಕೆ ಡಾಕ್ಟರ್. ನಿಮ್ಮ ತಾಯಿಯವರನ್ನು ನಾನು ನೋಡಿಲ್ಲ. ಆದ್ದರಿಂದ ನಿರ್ಧಾರ ಅಲ್ಲಿನವರದ್ದೇ. ಆದರೆ ನಿಮ್ಮ ಪ್ರಶ್ನೆ ತುಂಬಾ ಒಳ್ಳೆಯದು. ಹಾಳೆ ಓದುವ ಮನೆಯವರು ಸಿಗುವುದೇ ಅಪರೂಪ.

ಇಸಿಟಿಯಲ್ಲಿ ಕೆಲಸ ಮಾಡುವುದು ಕರೆಂಟ್ ಅಲ್ಲ, ಅದರಿಂದ ಮೆದುಳಿನಲ್ಲಿ ಬರುವ ಫಿಟ್ಸ್. ನಾವು ಕೊಡುವ ಮತ್ತಿನ ಔಷಧಿಗಳೋ, ಹೆಚ್ಚಿನವು ಫಿಟ್ಸನ್ನು ತಡೆಯುವಂಥವು. ನಿಲ್ಲದ ಅಪಸ್ಮಾರಕ್ಕೆ ಐಸಿಯುನಲ್ಲಿ ನಾವು ಬಳಸುವುದೂ ಇದೇ ಥಿಯೋಪೆಂಟೋನ್, ಇದೇ ಪ್ರೋಪೋಫಾಲ್. ಅಂದರೆ ಒಂದು ಕೈಯಲ್ಲಿ ಬೆಂಕಿ ಹಚ್ಚುತ್ತೇವೆ, ಇನ್ನೊಂದು ಕೈಯಲ್ಲಿ ನೀರು ಚಿಮುಕಿಸುತ್ತೇವೆ. ನೀರು ಎಷ್ಟು, ಯಾವಾಗ ಎನ್ನುವುದರಲ್ಲೇ ಎಲ್ಲಾ ಇದೆ.

ಎರಡರಲ್ಲಿ ಪ್ರೋಪೋಫಾಲ್ ಫಿಟ್ಸನ್ನು ಜಾಸ್ತಿ ಮೊಟಕು ಮಾಡುತ್ತದೆ. ಇದು ಎಲ್ಲರಿಗೂ ಗೊತ್ತಿರುವ ವಿಷಯ. ನಿಮ್ಮ ಹಾಳೆಯಲ್ಲಿ ಕಂಡದ್ದೂ ಅದೇ ಇರಬಹುದು. ಆದರೆ ಫಿಟ್ಸ್ ಎಷ್ಟು ಹೊತ್ತು ಬಂತು ಎನ್ನುವುದೂ ಖಿನ್ನತೆ ಎಷ್ಟು ಇಳಿಯಿತು ಎನ್ನುವುದೂ ಒಂದೇ ಅಲ್ಲ. 2014ರ ಕಾಕ್ರೇನ್ ವಿಮರ್ಶೆಯಲ್ಲಿ (ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ವರದಿ) ಇದನ್ನೇ ನೋಡಿದರು. 18 ಪ್ರಯೋಗ, 599 ರೋಗಿಗಳು, ಎಲ್ಲರೂ ಖಿನ್ನತೆಗೆ ಇಸಿಟಿ ಪಡೆದವರು. ಅಮೆರಿಕದಲ್ಲಿ ಬಹಳ ಕಾಲದಿಂದ ಬಳಸುವ ಮೆಥೋಹೆಕ್ಸಿಟಾಲ್ ಎಂಬ ಔಷಧಿಯ ಪಕ್ಕದಲ್ಲಿ ಪ್ರೋಪೋಫಾಲ್ ಇಟ್ಟು ನೋಡಿದಾಗ, ಪ್ರೋಪೋಫಾಲ್‌ನಲ್ಲಿ ಫಿಟ್ಸ್ ಚಿಕ್ಕದು. ಖಿನ್ನತೆಯ ಅಂಕ ಇಳಿದದ್ದರಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಥಿಯೋಪೆಂಟೋನ್ ಕೊಟ್ಟವರು ಏಳುವುದು ಪ್ರೋಪೋಫಾಲ್ ಕೊಟ್ಟವರಿಗಿಂತ ತಡ. ಒಳಗಿನ ಪ್ರಯೋಗಗಳು ಚಿಕ್ಕಚಿಕ್ಕವು, ಪುರಾವೆ ಗಟ್ಟಿಯಿಲ್ಲ ಎಂದೂ ಅವರೇ ಬರೆದಿದ್ದಾರೆ. ಹಾಗಾಗಿ "ಇದೇ ಶ್ರೇಷ್ಠ" ಎಂದು ಯಾರಾದರೂ ಖಡಾಖಂಡಿತವಾಗಿ ಹೇಳಿದರೆ ನಂಬಬೇಡಿ.

ಇಇಜಿಯಲ್ಲಿ ನಾವು ನೋಡುವುದು ಬೇರೆ. ಅಲೆಗಳು ಎತ್ತರವಾಗಿ, ಎರಡೂ ಕಡೆ ಒಟ್ಟಿಗೆ ಬಂದವಾ? ಮುಗಿದಾಗ ಗೆರೆ ಒಮ್ಮೆಲೇ ಚಪ್ಪಟೆಯಾಯಿತಾ? ಚಿಕ್ಕದಾದರೂ ಹೀಗೆ ಬಂದರೆ ಒಳ್ಳೆಯ ಫಿಟ್ಸ್. ಉದ್ದವಾಗಿ, ಮಂಕಾಗಿ, ಎಲ್ಲಿ ಮುಗಿಯಿತೆಂದೇ ತಿಳಿಯದೆ ಕೊನೆಯಾದರೆ ನನಗೆ ಅದೇ ಚಿಂತೆ. ಸಾಮಾನ್ಯವಾಗಿ 15 ಸೆಕೆಂಡಿಗಿಂತ ಕಮ್ಮಿ ಬಂದರೆ ಸಾಲದು ಎಂದು ಲೆಕ್ಕ ಹಾಕುತ್ತೇವೆ. 19 ಅದರ ಮೇಲಿದೆ. ಇನ್ನೊಂದು, ಇಸಿಟಿ ಮುಂದುವರಿದ ಹಾಗೆ ಫಿಟ್ಸ್ ತಾನಾಗಿಯೇ ಚಿಕ್ಕದಾಗುತ್ತಾ ಹೋಗುತ್ತದೆ. ನಿಮ್ಮ 41, 38, 36 ಇಳಿದದ್ದು ಒಂದೇ ಔಷಧಿಯಲ್ಲಿ, ನೋಡಿ.

ನನಗೆ ಎರಡು ವಿಷಯ ತಿಳಿಯಬೇಕು. ಮೂರನೆಯ ಸಲ ಬಿಪಿ ಎಷ್ಟಕ್ಕೆ ಏರಿತ್ತು? ಭಾನುವಾರ ರಾತ್ರಿ ಅಮ್ಮನಿಗೆ ಏನೇನು ಮಾತ್ರೆ ಕೊಟ್ಟಿರಿ? ಒಂದನ್ನೂ ಬಿಡದೆ ಹೇಳಿ.

ನಂದಿಬೆಟ್ಟದ_ನೋಟ, ಚಿಕ್ಕಬಳ್ಳಾಪುರ – ಮಂಗಳವಾರ, ಬೆಳಿಗ್ಗೆ 8.15

ನನ್ನ ಮಾತು ಕಹಿ ಅನಿಸಬಹುದು ಮಗಳೇ, ಕ್ಷಮಿಸು. ಯಾವ ಇಂಜೆಕ್ಷನ್ ಎಂದು ಚರ್ಚೆ ಮಾಡುವ ಮೊದಲು, ಹೆಂಗಸಿನ ತಲೆಗೆ ಕರೆಂಟ್ ಕೊಡಬೇಕಾ ಎಂದು ಯಾರೂ ಕೇಳುತ್ತಿಲ್ಲ. ನಮ್ಮ ಚಿಕ್ಕಪ್ಪನಿಗೆ 1970ರ ಹೊತ್ತಿಗೆ ಕೊಟ್ಟಿದ್ದರು. ನಾಲ್ಕು ಜನ ಕೈಕಾಲು ಹಿಡಿದುಕೊಂಡಿದ್ದರು. ಮತ್ತಿನ ಔಷಧಿ ಇಲ್ಲ, ಏನಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದ ನನಗೆ ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ.

ವಾರ್ಡ್_ಸಿಸ್ಟರ್, ತುಮಕೂರು – ಮಂಗಳವಾರ, ಬೆಳಿಗ್ಗೆ 9.00

ಅಣ್ಣ, ನೀವು ಹೇಳಿದ್ದು ನಿಜ. ನಾನು ಕೆಲಸಕ್ಕೆ ಸೇರಿದಾಗ ಹಿರಿಯ ಸಿಸ್ಟರುಗಳು ಅದೇ ಕತೆ ಹೇಳುತ್ತಿದ್ದರು. 1938ರಲ್ಲಿ ರೋಮ್ ನಗರದಲ್ಲಿ ಚೆರ್ಲೆಟ್ಟಿ, ಬಿನಿ ಎಂಬ ಡಾಕ್ಟರುಗಳು ಇದನ್ನು ಶುರು ಮಾಡಿದಾಗ ಮತ್ತಿನ ಔಷಧಿ ಕೊಡುವ ಪದ್ಧತಿ ಇರಲಿಲ್ಲ. ಬೆನ್ನುಮೂಳೆ ಮುರಿದುಕೊಂಡವರೂ ಇದ್ದರು. ಸ್ಕೋಲಿನ್ ಬಂದದ್ದು 1950ರ ದಶಕದಲ್ಲಿ. ನಮ್ಮ ಕಡೆ ಎಷ್ಟೋ ವರ್ಷ ಮತ್ತಿನ ಡಾಕ್ಟರು ಇಲ್ಲ ಎಂಬ ಕಾರಣಕ್ಕೆ ಹಳೆಯ ರೀತಿಯೇ ನಡೆಯಿತು. ಅದು ತಪ್ಪು. ನಾನು ಹಾಗೆಂದು ಗಟ್ಟಿಯಾಗಿಯೇ ಹೇಳುತ್ತೇನೆ.

ಈಗ ಕಾನೂನೇ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 95ನೇ ಕಲಂ. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಇಸಿಟಿ ಕೊಡುವ ಹಾಗಿಲ್ಲ. 2018ರ ಮೇ 29ರಿಂದ ಜಾರಿಯಲ್ಲಿದೆ. ಮಕ್ಕಳಿಗಾದರೆ ಪೋಷಕರ ಒಪ್ಪಿಗೆಯ ಜೊತೆಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಅನುಮತಿಯೂ ಬೇಕು. ನಿಮ್ಮ ಚಿಕ್ಕಪ್ಪ ಕಂಡದ್ದನ್ನು ಈ ಹುಡುಗಿಯ ಅಮ್ಮ ಕಾಣುವುದಿಲ್ಲ. ಮತ್ತಿನ ಔಷಧಿಯ ಬಗ್ಗೆ ಇಷ್ಟು ಮಾತಾಡುತ್ತಿರುವುದೂ ಅದಕ್ಕೇ.

ಗುಬ್ಬಿಯವನು, ತುಮಕೂರು – ಮಂಗಳವಾರ, ಮಧ್ಯಾಹ್ನ 1.30

ನಾನು ಇಸಿಟಿ ತೆಗೆದುಕೊಂಡವನು. ಎರಡು ವರ್ಷದ ಹಿಂದೆ, ಒಟ್ಟು ಎಂಟು. ಹೆಸರು ಬೇಡ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ.

ಮೊದಲ ಐದು ಒಂದು ಕಡೆ, ಥಿಯೋಪೆಂಟೋನ್. ಇಂಜೆಕ್ಷನ್ ಕೈಗೆ ಹೋಗುತ್ತಿದ್ದಂತೆ ಬಾಯಲ್ಲಿ ಬೆಳ್ಳುಳ್ಳಿ ಜಗಿದ ರುಚಿ ಬರುತ್ತಿತ್ತು. ಅಷ್ಟೇ ನೆನಪು. ಎದ್ದ ಮೇಲೆ ಮಧ್ಯಾಹ್ನದವರೆಗೆ ತೂಕಡಿಕೆ. ಅಣ್ಣ ಎಷ್ಟು ಮಾತಾಡಿಸಿದರೂ ಹೂಂ ಅನ್ನುತ್ತಿದ್ದೆನಂತೆ. ಉಳಿದ ಮೂರು ಇನ್ನೊಂದು ಊರಲ್ಲಿ, ಪ್ರೋಪೋಫಾಲ್. ಅದು ಹೋಗುವಾಗ ಕೈ ಉರಿಯುತ್ತದೆ, ಮೆಣಸಿನಕಾಯಿ ಹಚ್ಚಿದ ಹಾಗೆ. ಎರಡನೇ ಸಲ ಹೇಳಿದೆ, ಮೊದಲು ಮರಗಟ್ಟಿಸುವ ಔಷಧಿ ಸ್ವಲ್ಪ ಕೊಟ್ಟರು, ಉರಿ ಕಮ್ಮಿಯಾಯಿತು. ಎದ್ದ ಅರ್ಧ ಗಂಟೆಗೆ ತಲೆ ತಿಳಿಯಾಯಿತು. ಒಂಬತ್ತೂವರೆಗೆ ಇಡ್ಲಿ ತಿಂದೆ.

ಗುಣ ಯಾವುದರಲ್ಲಿ ಆಯಿತು ಎಂದು ಕೇಳಿದರೆ, ನಾಲ್ಕನೆಯದಾದ ಮೇಲೆ ಶುರುವಾದದ್ದು ಎಂಟರವರೆಗೂ ಮುಂದುವರಿಯಿತು. ನಡುವೆ ಔಷಧಿ ಬದಲಾದದ್ದು ನನ್ನ ಮನಸ್ಸಿಗೆ ಗೊತ್ತೇ ಆಗಲಿಲ್ಲ.

ಮರೆವಿನ ವಿಷಯವನ್ನೂ ಮುಚ್ಚಿಡುವುದಿಲ್ಲ. ಆ ತಿಂಗಳು ನಡೆದ ನಮ್ಮ ಅಕ್ಕನ ಮಗಳ ನಾಮಕರಣಕ್ಕೆ ನಾನು ಹೋಗಿದ್ದೆ. ಮಗುವನ್ನು ಎತ್ತಿಕೊಂಡಿರುವ ಫೋಟೋ ಇದೆ. ನನಗೆ ಅದರ ಒಂದು ಚೂರೂ ನೆನಪಿಲ್ಲ. ಆ ಫೋಟೋ ನೋಡಿದಾಗೆಲ್ಲ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಆದರೂ ಇವತ್ತು ಆ ಮಗುವಿನ ಜೊತೆ ಆಟ ಆಡಲು ನಾನು ಇದ್ದೇನೆ.

ಹಿಪ್ಪುನೇರಳೆ, ಶಿಡ್ಲಘಟ್ಟ – ಮಂಗಳವಾರ, ಸಂಜೆ 4.10

ಎಲ್ಲರಿಗೂ ಕೈಮುಗಿಯುತ್ತೇನೆ. ಗುಬ್ಬಿ ಅಣ್ಣ, ನಿಮ್ಮದು ಓದಿ ಅತ್ತುಬಿಟ್ಟೆ.

ಸಿಸ್ಟರ್, ನೀವು ಹೇಳಿದ್ದು ಸರಿ. ಎರಡು ಕಾಲಂ ಇದೆ. 19 ಕಾಲಿನದ್ದು. ಪಕ್ಕದಲ್ಲಿ ಇಇಜಿ 26 ಎಂದಿದೆ. ನಾನು ನೋಡಿರಲಿಲ್ಲ.

ಡಾಕ್ಟರ್ ಮೇಡಂ, ಮೂರನೇ ಸಲ ಬಿಪಿ 196/108 ಎಂದು ಬರೆದು ಕೆಳಗೆ ಗೆರೆ ಎಳೆದಿದ್ದಾರೆ. ಅಮ್ಮ ಮೊದಲಿಂದಲೂ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ಇನ್ನು ಭಾನುವಾರ ರಾತ್ರಿ... ಅಮ್ಮ ಎರಡು ಗಂಟೆಯಾದರೂ ನಿದ್ದೆ ಮಾಡಲಿಲ್ಲ. ಎದ್ದು ಎದ್ದು ಕೂರುತ್ತಿದ್ದರು. ಮನೆಯಲ್ಲಿ ಹಳೆಯ ಚೀಟಿಯ ಕ್ಲೋನಾಜೆಪಾಮ್ ಮಾತ್ರೆ ಉಳಿದಿತ್ತು. ಒಂದು ಕೊಟ್ಟೆ. ಬೆಳಿಗ್ಗೆ ಕೇಳಿದಾಗ ಹೇಳಲಿಲ್ಲ. ಬೈಯುತ್ತಾರೇನೋ ಎಂದು ಭಯವಾಯಿತು.

ಅರಿವಳಿಕೆ_ಡಾಕ್ಟರ್, ಕೋಲಾರ – ಮಂಗಳವಾರ, ಸಂಜೆ 7.45

ಹೇಳಿದ್ದು ಒಳ್ಳೆಯದಾಯಿತು. ರಾತ್ರಿ ಎರಡು ಗಂಟೆಗೆ ಒದ್ದಾಡುವ ತಾಯಿಯನ್ನು ನೋಡಿ ಯಾರಿಗಾದರೂ ಹಾಗೆ ಅನಿಸುತ್ತದೆ. ನಿಮ್ಮನ್ನು ಬೈಯುವವರು ಯಾರೂ ಇಲ್ಲ.

ಕ್ಲೋನಾಜೆಪಾಮ್, ಲೋರಾಜೆಪಾಮ್ ತರಹದ ನಿದ್ದೆ ಮಾತ್ರೆಗಳು ಫಿಟ್ಸನ್ನೂ ತಡೆಯುವ ಮಾತ್ರೆಗಳು. ರಾತ್ರಿ ಕೊಟ್ಟದ್ದು ಬೆಳಿಗ್ಗೆಯೂ ರಕ್ತದಲ್ಲಿರುತ್ತದೆ. ಅದರ ಮೇಲೆ ಪ್ರೋಪೋಫಾಲ್. ಅಷ್ಟಾದರೂ 26 ಸೆಕೆಂಡ್ ಬಂದಿದೆ ಎಂದರೆ ನನಗೆ ಸಮಾಧಾನವೇ. ಬುಧವಾರ ಬೆಳಿಗ್ಗೆ ಮೊದಲ ಕೆಲಸ, ಈ ಮಾತ್ರೆ ಕೊಟ್ಟ ವಿಷಯ ಅಲ್ಲಿನ ಡಾಕ್ಟರಿಗೆ ಹೇಳಿ. ಯಾಕೆ ಮುಖ್ಯ ಎಂದರೆ, ಕಾರಣ ಗೊತ್ತಿಲ್ಲದಿದ್ದರೆ ಮನೋವೈದ್ಯರು ಫಿಟ್ಸ್ ಕಮ್ಮಿ ಬಂತೆಂದು ಕರೆಂಟಿನ ಪ್ರಮಾಣ ಏರಿಸುತ್ತಾರೆ. ಕರೆಂಟ್ ಜಾಸ್ತಿಯಾದರೆ ಮರೆವೂ ಜಾಸ್ತಿ. ನಾವು ಮತ್ತಿನ ಔಷಧಿ ಜಾಸ್ತಿ ಕೊಟ್ಟರೂ ಆಗುವುದು ಇದೇ. ಮತ್ತಿನ ಔಷಧಿ ರೋಗಿಯ ನೆನಪಿಗೆ ತಟ್ಟುವುದು ಹೀಗೆ ಸುತ್ತಿ ಬಳಸಿ.

ಇನ್ನು ಬಿಪಿ. ಔಷಧಿ ಬದಲಾಯಿಸಿದ್ದಕ್ಕೆ ಅದೇ ಕಾರಣ ಎಂದು ನನಗೆ ಬಲವಾಗಿ ಅನಿಸುತ್ತದೆ. ಕರೆಂಟ್ ಕೊಟ್ಟ ಕ್ಷಣ ಎದೆಬಡಿತ ಒಮ್ಮೆ ನಿಧಾನವಾಗುತ್ತದೆ. ಮರುಕ್ಷಣವೇ ಬಿಪಿ, ಬಡಿತ ಎರಡೂ ಧಿಗ್ಗನೆ ಏರುತ್ತವೆ. ಪ್ರೋಪೋಫಾಲ್ ಆ ಏರಿಕೆಯನ್ನು ತಗ್ಗಿಸುತ್ತದೆ. ನಿಮ್ಮ ತಾಯಿಗೆ 58 ವರ್ಷ, ಬಿಪಿ ಬೇರೆ, ಮೇಲೆ 196. ನಾನಾಗಿದ್ದರೂ ಅದನ್ನೇ ತೆಗೆದುಕೊಳ್ಳುತ್ತಿದ್ದೆನೇನೋ. ಆದ್ದರಿಂದ ಹಳೆಯದನ್ನೇ ಕೊಡಿ ಎಂದು ಹಟ ಮಾಡಬೇಡಿ. "ಯಾಕೆ ಬದಲಾಯಿಸಿದಿರಿ?" ಎಂದು ಕೇಳಿ. ಕೇಳುವ ಹಕ್ಕು ನಿಮಗಿದೆ.

ಪ್ರೋಪೋಫಾಲ್‌ನಲ್ಲೇ ಒಳ್ಳೆಯ ಫಿಟ್ಸ್ ಬರಿಸಲು ದಾರಿಗಳಿವೆ. ಕಿಲೋಗೆ 1 ಮಿಲಿಗ್ರಾಂ ಆಸುಪಾಸಿನಲ್ಲಿ, ಮಲಗಲು ಎಷ್ಟು ಬೇಕೋ ಅಷ್ಟೇ ಕೊಡುವುದು ಒಂದು. ಇಂಜೆಕ್ಷನ್ ಕೊಟ್ಟ ತಕ್ಷಣ ಗುಂಡಿ ಒತ್ತದೆ, ಎಚ್ಚರವಾಗದ ಹಾಗೆ ನೋಡಿಕೊಂಡು ಸ್ವಲ್ಪ ಕಾಯುವುದು ಇನ್ನೊಂದು. ಔಷಧಿ ತಲೆಯಿಂದ ಬೇಗ ಇಳಿಯುತ್ತದೆ, ಕಾದಷ್ಟೂ ಫಿಟ್ಸ್ ಚೆನ್ನಾಗಿ ಬರುತ್ತದೆ. ಮೂರನೆಯದು ನನಗೆ ತುಂಬಾ ಇಷ್ಟವಾದದ್ದು, ಏಕೆಂದರೆ ಅದಕ್ಕೆ ಕಾಸು ಖರ್ಚಿಲ್ಲ. ಮಾಸ್ಕ್ ಇಟ್ಟು, ಚೀಲ ಒತ್ತಿ, ಬೇಗ ಬೇಗ ಆಮ್ಲಜನಕ ಕೊಡುವುದು. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದರೆ ಫಿಟ್ಸ್ ಉದ್ದವಾಗುತ್ತದೆ. ಹತ್ತು ರೋಗಿಗಳು ಸಾಲಾಗಿ ಕಾಯುತ್ತಿರುವ ಬೆಳಿಗ್ಗೆ ಈ ಒಂದೆರಡು ನಿಮಿಷವನ್ನೇ ನಾವು ಕಳೆದುಕೊಳ್ಳುತ್ತೇವೆ. ಯಾವ ಔಷಧಿ ಎನ್ನುವುದಕ್ಕಿಂತ ಆ ಒಂದೆರಡು ನಿಮಿಷ ದೊಡ್ಡದು ಎಂದು ನಾನು ನಂಬಿದ್ದೇನೆ.

ಉತ್ತರಪಿನಾಕಿನಿ, ಗೌರಿಬಿದನೂರು – ಮಂಗಳವಾರ, ರಾತ್ರಿ 9.30

ಮೇಡಂ, ಒಂದು ಪ್ರಶ್ನೆ. ಕೆಟಮಿನ್ ಖಿನ್ನತೆಗೇ ಔಷಧಿ ಎಂದು ಓದಿದ್ದೇನೆ. ಹಾಗಿದ್ದರೆ ಅದನ್ನೇ ಮತ್ತಿಗೂ ಕೊಟ್ಟುಬಿಟ್ಟರೆ ಒಂದೇ ಏಟಿಗೆ ಎರಡು ಕೆಲಸ ಆಗುವುದಿಲ್ಲವಾ? ನಮ್ಮ ಅತ್ತಿಗೆಗೆ ಮುಂದಿನ ವಾರ ಇಸಿಟಿ ಶುರು. ಮನೆಯಲ್ಲಿ ಎಲ್ಲರೂ ಇದನ್ನೇ ಕೇಳುತ್ತಿದ್ದಾರೆ.

ಅರಿವಳಿಕೆ_ಡಾಕ್ಟರ್, ಕೋಲಾರ – ಮಂಗಳವಾರ, ರಾತ್ರಿ 10.50

ಈ ಆಸೆ ನಮಗೂ ಇತ್ತು. ಕೆಟಮಿನ್ ಫಿಟ್ಸನ್ನು ಮೊಟಕು ಮಾಡುವುದಿಲ್ಲ. ಕಿಲೋಗೆ 0.5 ಮಿಲಿಗ್ರಾಂ ಡ್ರಿಪ್ಪಿನಲ್ಲಿ ಕೊಟ್ಟರೆ ಕೆಲವರ ಖಿನ್ನತೆ ಗಂಟೆಗಳಲ್ಲೇ ಇಳಿಯುತ್ತದೆ. ಎರಡೂ ಸೇರಿದರೆ ಬಂಗಾರ ಅನಿಸುವುದು ಸಹಜ. ಆದರೆ ಮಾಡಿ ನೋಡಿದಾಗ ಹಾಗಾಗಲಿಲ್ಲ. 2017ರಲ್ಲಿ ಬ್ರಿಟನ್ನಿನಿಂದ ಬಂದ ಒಂದು ಪ್ರಯೋಗದಲ್ಲಿ ಅರ್ಧ ಜನರಿಗೆ ಮತ್ತಿನ ಔಷಧಿಯ ಜೊತೆ ಕೆಟಮಿನ್ ಸೇರಿಸಿದರು, ಉಳಿದವರಿಗೆ ಬರೀ ಸಲೈನ್. ನೆನಪು ಉಳಿಯುವುದರಲ್ಲಿ ಲಾಭ ಸಿಗಲಿಲ್ಲ. ಕೆಟಮಿನ್ ಬಿಪಿ ಏರಿಸುತ್ತದೆ. ಏಳುವಾಗ ಕೆಲವರಿಗೆ ಗಾಬರಿ, ಇಲ್ಲದ್ದು ಕಾಣುವುದು ಆಗುತ್ತದೆ. ಹಿಪ್ಪುನೇರಳೆ ಅವರ ತಾಯಿಗೆ, 196 ಬಿಪಿಯ ಮೇಲೆ, ನಾನಂತೂ ಕೊಡಲಾರೆ.

ಇಸಿಟಿ ಬಿಟ್ಟು ಕೆಟಮಿನ್ ಡ್ರಿಪ್ಪನ್ನೇ ಕೊಡುವುದು ಬೇರೆ ಮಾತು. ಅದರ ಬಗ್ಗೆ ಎರಡು ದೊಡ್ಡ ಪ್ರಯೋಗಗಳು ಎರಡು ದಿಕ್ಕು ತೋರಿಸಿವೆ. 2022ರ ಸ್ವೀಡನ್ ಪ್ರಯೋಗದಲ್ಲಿ ಆಸ್ಪತ್ರೆಗೆ ದಾಖಲಾದ 186 ಜನರಿದ್ದರು. ಇಸಿಟಿಯಲ್ಲಿ 63%, ಕೆಟಮಿನ್‌ನಲ್ಲಿ 46% ಜನ ಪೂರ್ತಿ ಚೇತರಿಸಿಕೊಂಡರು. 2023ರ ಅಮೆರಿಕದ ಪ್ರಯೋಗದಲ್ಲಿ ಕೆಟಮಿನ್‌ಗೆ 55.4%, ಇಸಿಟಿಗೆ 41.2% ಜನರಲ್ಲಿ ಸುಧಾರಣೆ ಕಂಡಿತು. ಆದರೆ ಅಲ್ಲಿ ಭ್ರಮೆ ಇರುವ ಖಿನ್ನತೆಯವರನ್ನು ಸೇರಿಸಿಕೊಂಡೇ ಇರಲಿಲ್ಲ. "ನಾನು ತಿಂದರೆ ಪಾಪ" ಎಂದು ಅನ್ನ ಬಿಟ್ಟವರ ವಿಷಯದಲ್ಲಿ ಮೊದಲ ಮಾತು ಇಸಿಟಿಯದ್ದೇ. ನಿಮ್ಮ ಅತ್ತಿಗೆಯದ್ದು ಯಾವ ಬಗೆ ಎಂದು ಅವರ ಡಾಕ್ಟರನ್ನು ಕೇಳಿ. ಅದರ ಮೇಲೆ ಎಲ್ಲ ನಿಂತಿದೆ.

ಎಟೋಮಿಡೇಟ್ ಎಂಬುದೂ ಒಂದಿದೆ. ಹೃದಯ ದುರ್ಬಲ ಇರುವವರಿಗೆ, ಇಲ್ಲವೇ ಏನು ಮಾಡಿದರೂ ಫಿಟ್ಸ್ ಬಾರದವರಿಗೆ ಒಳ್ಳೆಯದು. ಮೈ ಜುಮ್ಮೆಂದು ಸೆಳೆಯುವುದು, ವಾಂತಿ ಜಾಸ್ತಿ.

ಮಾವಿನ_ಊರು, ಶ್ರೀನಿವಾಸಪುರ – ಬುಧವಾರ, ಬೆಳಿಗ್ಗೆ 5.40

ಇದನ್ನು ಬರೆಯಬೇಕಾ ಬೇಡವಾ ಎಂದು ರಾತ್ರಿಯೆಲ್ಲ ಯೋಚಿಸಿದೆ. ಬರೆಯುತ್ತೇನೆ, ಯಾರಿಗಾದರೂ ಉಪಯೋಗವಾಗಲಿ.

ನನ್ನ ತಮ್ಮ ಟೊಮೆಟೊ ಬೆಲೆ ಬಿದ್ದ ವರ್ಷ ತೋಟಕ್ಕೆ ಹೊಡೆಯುವ ಔಷಧಿ ಕುಡಿದುಬಿಟ್ಟ. ಐಸಿಯುನಲ್ಲಿ ಹನ್ನೊಂದು ದಿನ ಇದ್ದು ಬದುಕಿದ. ಮೂರು ವಾರದ ಮೇಲೆ ಬೇರೆ ಆಸ್ಪತ್ರೆಯಲ್ಲಿ ಖಿನ್ನತೆಗೆ ಇಸಿಟಿ ಎಂದರು. ಔಷಧಿ ಕುಡಿದ ವಿಷಯ ನಾವು ಹೇಳಲಿಲ್ಲ. ಮಾನದ ಪ್ರಶ್ನೆ, ಪೊಲೀಸು, ಕೇಸು ಎಂಬ ಹೆದರಿಕೆ. ಇಸಿಟಿ ಆಯಿತು, ಫಿಟ್ಸ್ ಮುಗಿಯಿತು. ಉಸಿರು ಬರಲಿಲ್ಲ. ಐದು ನಿಮಿಷಕ್ಕೆ ಬರಬೇಕಾದ ಉಸಿರು ಗಂಟೆಯಾದರೂ ಇಲ್ಲ. ಅಷ್ಟು ಹೊತ್ತೂ ಆ ಡಾಕ್ಟರು ಕೈಯಲ್ಲಿ ಚೀಲ ಒತ್ತುತ್ತಾ ನಿಂತಿದ್ದರು. ನಡುವೆ ಹೊರಗೆ ಬಂದ ಸಿಸ್ಟರ್ "ಇವರು ಏನಾದರೂ ಕುಡಿದಿದ್ದರಾ?" ಎಂದು ಒಂದೇ ಮಾತು ಕೇಳಿದರು. ಅಮ್ಮ ಅಲ್ಲೇ ಕುಸಿದು ಕೂತರು. ಆಗ ಹೇಳಿದೆವು.

ತಮ್ಮ ಚೆನ್ನಾಗಿದ್ದಾನೆ. ಈ ಸಲ ಮಾವಿನ ಕಾಯಿ ಕೀಳಲು ಅವನೇ ಮುಂದೆ ನಿಂತಿದ್ದ.

ಅರಿವಳಿಕೆ_ಡಾಕ್ಟರ್, ಕೋಲಾರ – ಬುಧವಾರ, ಬೆಳಿಗ್ಗೆ 6.30

ಅಣ್ಣ, ನೀವು ಬರೆದದ್ದು ನಾನು ಬರೆದ ಎಲ್ಲದಕ್ಕಿಂತ ಹೆಚ್ಚು ಬೆಲೆಯದ್ದು. ನಮ್ಮ ಮೂರು ಜಿಲ್ಲೆಯಲ್ಲೂ ಇದು ಮನೆಮನೆಯ ಕತೆ.

ಸ್ಕೋಲಿನ್ ಕೊಟ್ಟ ಕೆಲವೇ ನಿಮಿಷಕ್ಕೆ ಇಳಿಯಲು ಕಾರಣ ರಕ್ತದಲ್ಲಿರುವ ಒಂದು ಕಿಣ್ವ. ಅದು ಸ್ಕೋಲಿನ್ನನ್ನು ಕತ್ತರಿಸಿ ಹಾಕುತ್ತದೆ. ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕಗಳು ಅದೇ ಕಿಣ್ವವನ್ನು ಕೆಡಿಸುತ್ತವೆ. ಅದು ಮತ್ತೆ ತುಂಬಿಕೊಳ್ಳಲು ವಾರಗಟ್ಟಲೆ ಬೇಕು. ಅಷ್ಟರೊಳಗೆ ಸ್ಕೋಲಿನ್ ಕೊಟ್ಟರೆ ನಿಮ್ಮ ತಮ್ಮನಿಗೆ ಆದ ಹಾಗೇ ಆಗುತ್ತದೆ. ಮೊದಲೇ ಗೊತ್ತಿದ್ದರೆ ರಕ್ತ ಪರೀಕ್ಷೆ ಮಾಡಿಸುತ್ತೇವೆ. ಸ್ಕೋಲಿನ್ ಬದಲು ರೋಕ್ಯುರೋನಿಯಂ ಕೊಟ್ಟು, ಕೊನೆಗೆ ಅದನ್ನು ಇಳಿಸುವ ಇಂಜೆಕ್ಷನ್ ಕೊಡುತ್ತೇವೆ. ಇಸಿಟಿ ನಿಲ್ಲಿಸಬೇಕಾಗಿಲ್ಲ.

ಹುಟ್ಟಿನಿಂದಲೇ ಈ ಕಿಣ್ವ ಕಮ್ಮಿ ಇರುವವರೂ ಇದ್ದಾರೆ. ನಮ್ಮ ಆರ್ಯವೈಶ್ಯ ಸಮುದಾಯದಲ್ಲಿ ಇದು ಉಳಿದವರಿಗಿಂತ ಜಾಸ್ತಿ ಕಾಣುತ್ತದೆ. ಇದು ರೋಗವಲ್ಲ, ದಿನನಿತ್ಯದ ಬದುಕಿಗೆ ಏನೂ ತೊಂದರೆಯಿಲ್ಲ. ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆದಾಗ ಎಚ್ಚರ ಬರುವುದು, ಉಸಿರು ಬರುವುದು ತಡವಾಗಿತ್ತಾ ಎಂದು ನಾವು ಕೇಳುವುದು ಇದಕ್ಕೇ. ಜಾತಿ ವಿಚಾರಿಸುತ್ತಾರೆ ಎಂದು ತಪ್ಪು ತಿಳಿಯಬೇಡಿ.

ಇದನ್ನು ಓದುತ್ತಿರುವ ಯಾರ ಮನಸ್ಸಿನಲ್ಲಾದರೂ ಸಾಯುವ ಯೋಚನೆ ಸುಳಿಯುತ್ತಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ವಾರ್ಡ್_ಸಿಸ್ಟರ್, ತುಮಕೂರು – ಬುಧವಾರ, ಬೆಳಿಗ್ಗೆ 6.45

ಹಿಪ್ಪುನೇರಳೆ ಮಗಳು ಈಗ ಹೊರಟಿರಬೇಕು. ಗೌರಿಬಿದನೂರಿನವರಿಗೂ ಬೇಕಾಗಬಹುದು, ಬೇಗ ಬರೆಯುತ್ತೇನೆ. ಹಿಂದಿನ ದಿನ ತಲೆಸ್ನಾನ ಮಾಡಿಸಿ, ತಲೆಗೆ ಎಣ್ಣೆ ಮಾತ್ರ ಹಚ್ಚಬೇಡಿ. ಎಣ್ಣೆ ಇದ್ದರೆ ಕರೆಂಟಿನ ಪಟ್ಟಿ ಸರಿಯಾಗಿ ಕೂರುವುದಿಲ್ಲ. ನಮ್ಮ ಹೆಂಗಸರು ಆಸ್ಪತ್ರೆಗೆ ಹೋಗುವುದೆಂದರೆ ಎಣ್ಣೆ ಹಚ್ಚಿ, ಬಾಚಿ, ಹೂ ಮುಡಿಸಿ ಕರೆತರುತ್ತಾರೆ. ಪ್ರೀತಿಯಿಂದ ಮಾಡಿದ್ದನ್ನು ನಾನು ಸ್ಪಿರಿಟ್ ಹಾಕಿ ಉಜ್ಜಬೇಕಾಗುತ್ತಿತ್ತು. ಅಲ್ಲಾಡುವ ಹಲ್ಲು, ಕಟ್ಟಿಸಿದ ಹಲ್ಲು ಇದ್ದರೆ ಹೇಳಿ. ಊಟ ಬಿಟ್ಟು ಆರು ಗಂಟೆಯಾಗಿರಬೇಕು. ಪಾಪ ಎಂದು ಒಂದು ಲೋಟ ಕಾಫಿ ಕೊಟ್ಟರೂ ಹೇಳಲೇಬೇಕು, ಮತ್ತಿನಲ್ಲಿ ವಾಂತಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೆ ಅಪಾಯ. ಬಿಪಿ ಮಾತ್ರೆಯನ್ನು ಬೆಳಿಗ್ಗೆ ಒಂದು ಗುಟುಕು ನೀರಲ್ಲಿ ಕೊಡಬೇಕಾ ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ಹಿಪ್ಪುನೇರಳೆ, ಶಿಡ್ಲಘಟ್ಟ – ಬುಧವಾರ, ಸಂಜೆ 6.20

ಐದನೆಯದು ಆಯಿತು. ಬೆಳಿಗ್ಗೆ ಹೋದ ತಕ್ಷಣ ಮಾತ್ರೆ ವಿಷಯ ಹೇಳಿದೆ. ಡಾಕ್ಟರು ಬೈಯಲಿಲ್ಲ. "ಇದನ್ನು ಹೇಳಿದ್ದಕ್ಕೆ ಥ್ಯಾಂಕ್ಸಮ್ಮ" ಎಂದು ಹಾಳೆಯಲ್ಲಿ ಬರೆದುಕೊಂಡರು. ನಿದ್ದೆಗೆ ಬೇರೆ ಮಾತ್ರೆ ಬರೆದುಕೊಟ್ಟರು. ಔಷಧಿ ಬದಲಾಯಿಸಿದ್ದು ಬಿಪಿ ಕಾರಣಕ್ಕೇ ಎಂದು ಮನೋವೈದ್ಯರೇ ಹೇಳಿದರು. ಕರೆಂಟ್ ಪ್ರಮಾಣ ಏರಿಸಬೇಕೆಂದು ಬರೆದಿದ್ದರಂತೆ, ಮಾತ್ರೆ ವಿಷಯ ಕೇಳಿದ ಮೇಲೆ ಇವತ್ತು ಹಿಂದಿನಷ್ಟೇ ಇರಲಿ ಎಂದರು.

ಇವತ್ತೂ ಪ್ರೋಪೋಫಾಲೇ. ಕಾಲು 27, ಇಇಜಿ 34. ಬಿಪಿ 158ರ ಮೇಲೆ ಹೋಗಲಿಲ್ಲ.

ನಂದಿಬೆಟ್ಟದ_ನೋಟ, ಚಿಕ್ಕಬಳ್ಳಾಪುರ – ಬುಧವಾರ, ರಾತ್ರಿ 8.00

ಮಗಳೇ, ಎಲ್ಲವನ್ನೂ ಓದಿದೆ. ನನ್ನ ಚಿಕ್ಕಪ್ಪನಿಗೆ ಆ ಕಾಲದಲ್ಲಿ ಇಂಥ ಒಬ್ಬರು ಡಾಕ್ಟರು ತಲೆಯ ಹತ್ತಿರ ನಿಂತಿದ್ದರೆ ಎಂದು ಅನಿಸಿತು. ಅಮ್ಮನನ್ನು ಕರೆದುಕೊಂಡು ಹೋಗಿ ಬರಲು ಗಾಡಿ ಬೇಕಾದರೆ ಹೇಳು. ನನ್ನ ಕಾರು ಮನೆ ಮುಂದೆ ಸುಮ್ನೆ ನಿಂತಿರುತ್ತದೆ.

ಹಿಪ್ಪುನೇರಳೆ, ಶಿಡ್ಲಘಟ್ಟ – ಭಾನುವಾರ, ಮಧ್ಯಾಹ್ನ 3.15

ಆರನೆಯದು ಶುಕ್ರವಾರ ಆಯಿತು. ಇಇಜಿ 31. ದೊಡ್ಡಪ್ಪ, ನಿಮ್ಮ ಕಾರಿನಲ್ಲಿ ಅಮ್ಮ ಬರುವಾಗ ಕಿಟಕಿ ಇಳಿಸಿ ಎಂದರಲ್ಲ, ಮೂರು ತಿಂಗಳಲ್ಲಿ ಅವರಾಗಿಯೇ ಏನನ್ನಾದರೂ ಕೇಳಿದ್ದು ಅದೇ ಮೊದಲು.

ಇವತ್ತು ಬೆಳಿಗ್ಗೆ ಅಡುಗೆ ಮನೆಯಲ್ಲಿದ್ದೆ. ಹಿಂದಿನಿಂದ "ಹುಳು ಎಷ್ಟನೇ ಜ್ವರ?" ಎಂದು ಕೇಳಿಸಿತು (ಹುಳು ಪೊರೆ ಬಿಡುವುದಕ್ಕೆ ನಾವು ಜ್ವರ ಎನ್ನುತ್ತೇವೆ). ತಿರುಗಿದರೆ ಅಮ್ಮ ಬಾಗಿಲಲ್ಲಿ ನಿಂತಿದ್ದರು. ಈ ಬೆಳೆಗೆ ಚಾಕಿ ಮರಿಹುಳು ತಂದಿಲ್ಲಮ್ಮ, ನೀನು ಹುಷಾರಾಗಲಿ ಎಂದು ಬಿಟ್ಟೆವು ಎಂದೆ. "ಸೊಪ್ಪು ಬಲಿತು ಹಾಳಾಗುತ್ತೆ. ಪಕ್ಕದ ಮನೆಯವರಿಗಾದ್ರೂ ಕೊಯ್ಕೊಳ್ಳೋಕೆ ಹೇಳು" ಎಂದರು. ಅರ್ಧ ಮುದ್ದೆ ತಿಂದರು. ನಿನ್ನೆ ಅಪ್ಪ ಬಂದು ಹೋದದ್ದು ನೆನಪಿಲ್ಲ, ಎರಡು ಸಲ ಕೇಳಿದರು. ಎರಡು ಸಲವೂ ಹೇಳಿದೆ.

ನಾಳೆ ಏಳನೆಯದು. ಈಗಷ್ಟೇ ತಲೆಸ್ನಾನ ಮಾಡಿಸಿ ಬಿಸಿಲಲ್ಲಿ ಕೂರಿಸಿದ್ದೇನೆ. ಎಣ್ಣೆ ಯಾಕೆ ಹಚ್ಚಲಿಲ್ಲ ಎಂದು ಜಗಳ ಮಾಡುತ್ತಿದ್ದಾರೆ.